ಗುಡ್ಡ ಹತ್ತಿದ ಫಿರಂಗಿ

“ಫಿರಂಗಿ ನಳಿಗೆ ಹೊತ್ತಿದ್ದ ಹೇಸರಗತ್ತೆ ಜಾರ್ತಿದೆ, ಹಿಡೀರಿ, ಹಿಡೀರೋ!”

ಸಿಪಾಯಿಗಳು ಓಡುವಷ್ಟರಲ್ಲಿ ಅದು ಕೆಸರಿನಲ್ಲಿ ಕುಸಿದು ಮಲಗಿಬಿಟ್ಟಿತು. ಪಿಂದೋಸ್ ಬೆಟ್ಟದ ಆ ಕಡಿದಾದ ಏರಿನಲ್ಲಿ ಅದು ಮತ್ತೆ ಏಳುವುದು ಸುಳ್ಳು ಮಾತು. ಫಿರಂಗಿ ಗುಡ್ಡದ ನೆತ್ತಿ ಮುಟ್ಟದಿದ್ದರೆ, ಆಚೆಯ ಕಣಿವೆಯಲ್ಲಿ ಬರುತ್ತಿದ್ದ ಇಟಲಿಯ ಪಡೆ ಸಂಜೆಯೊಳಗೆ ಹಳ್ಳಿಗೆ ನುಗ್ಗುವುದು ಖಂಡಿತ. ಕ್ಯಾಪ್ಟನ್ ವೆರ್ಗಾಸನಿಗೆ ದಿಕ್ಕೇ ತೋಚಲಿಲ್ಲ.

“ಹಗ್ಗ ಬಿಚ್ಚಿ. ನಳಿಗೇನ ತೊಲೆಗೆ ಕಟ್ಟಿ ಹೆಗಲ ಮೇಲೆ ಒಯ್ಯೋಣ,” ಎಂದಿತು ಹಿಂದಿನಿಂದ ಒಂದು ಗಡಸು ದನಿ.

ವೆರ್ಗಾಸ್ ತಿರುಗಿದ. ಮರದ ಮಿಲ್ಲಿನ ಹೊಟ್ಟು ಮೆತ್ತಿದ ಕೋಟು, ಮೊಣಕಾಲವರೆಗೆ ಕೆಸರು, ಬಿಳಿ ಮೀಸೆ. ಗುರುತು ಹತ್ತಿದ ಕೂಡಲೇ ಸಲಾಮಿಗೆಂದು ಮೇಲೆದ್ದ ಅವನ ಕೈ ಅರ್ಧದಲ್ಲೇ ನಿಂತಿತು.

ಸ್ತೆರ್ಗಿಯೊಸ್ ಗಲಾನಿಸ್ ಒಂದು ಕಾಲಕ್ಕೆ ಅವನ ಕರ್ನಲ್. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿ, ಸಾದಾ ಸಿಪಾಯಿಯಾಗಿ ಸೇರಿ, ಬಾಲ್ಕನ್ ಯುದ್ಧದಲ್ಲಿ ಗುಂಡೇಟು ತಿಂದವನು. ಏಷ್ಯಾ ಮೈನರಿನಿಂದ ಸೋತು ಬರುವಾಗಲೂ ತನ್ನ ಫಿರಂಗಿಗಳನ್ನು ಹಗೆಗೆ ಬಿಡದೆ ಕಡಲ ದಡಕ್ಕೆ ಎಳೆದು ತಂದವನು. ಐದು ವರ್ಷದ ಹಿಂದೆ, ಅರಸೊತ್ತಿಗೆ ಮರಳಬಾರದೆಂದು ಎದ್ದ ದಂಗೆಗೆ ಸೇರಿದ. ದಂಗೆ ಸೋತಿತು. ಇಡೀ ಪಡೆಯ ಎದುರು ಅವನ ಭುಜದ ನಕ್ಷತ್ರಗಳನ್ನು ಕಿತ್ತರು. ಅಂದು ಸಾಲಿನಲ್ಲಿ ನಿಂತು ನೆಲ ನೋಡಿದವರಲ್ಲಿ ವೆರ್ಗಾಸನೂ ಒಬ್ಬ.

“ಆಗ ವಜಾ ಆದವರನ್ನ ಸೇರಿಸ್ಕೋಬಾರದು ಅಂತ ಅಪ್ಪಣೆ ಇದೆ, ಸಾರ್.”

“ಸೇರಿಸ್ಕೋ ಅಂದವರ್ಯಾರು? ಕೂಲಿಗೆ ಬಂದಿದೀನಿ. ಹೆಗಲ ಮೇಲಿದ್ದದ್ದನ್ನ ಕಿತ್ಕೊಂಡ್ರಿ, ಹೆಗಲು ಹಾಗೇ ಇದೆಯಲ್ಲ!”

ಅಷ್ಟರಲ್ಲಿ ಹಳ್ಳಿಯ ಹೆಂಗಸರು ಬೆನ್ನಿಗೆ ಗುಂಡಿನ ಪೆಟ್ಟಿಗೆ ಕಟ್ಟಿಕೊಂಡು ಏರು ಹತ್ತಿ ಬಂದರು. ಮುಂದಿದ್ದ ವಿಧವೆ ಅಗೋರೊ ಗೊಳ್ಳೆಂದು ನಕ್ಕಳು.

“ಇದೇನ್ರಪ್ಪಾ, ಒಂದು ಹೇಸರಗತ್ತೆ ಮಲಗಿದ್ದಕ್ಕೆ ಇಷ್ಟು ಜನ ಗಂಡಸರ ಸೂತಕವೇ? ನಮ್ಮತ್ತೆ ನನ್ನನ್ನೂ ಹೇಸರಗತ್ತೆ ಅಂತಲೇ ಕರೀತಿದ್ಲು. ತನ್ನಿ ಇಲ್ಲಿ ತೊಲೆ!”

“ಭಾರ ಇದೆ, ತಾಯೀ,” ಎಂದ ಗಲಾನಿಸ್.

“ಇಬ್ಬರು ಮಕ್ಕಳನ್ನ ಯುದ್ಧಕ್ಕೆ ಕಳಿಸಿದೀನಿ ಯಜಮಾನಾ, ಅದಕ್ಕಿಂತ ಭಾರವೇ?”

ತೊಲೆ ಮೇಲೆದ್ದಿತು. ಮುಂದೆ ಗಲಾನಿಸ್, ಹಿಂದೆ ಅಗೋರೊ, ನಡುವೆ ಸಿಪಾಯಿಗಳು. ಉಳಿದ ಹೆಂಗಸರು ಫಿರಂಗಿಯ ಚಕ್ರಗಳನ್ನೂ ಪೀಠವನ್ನೂ ಎತ್ತಿಕೊಂಡರು. “ಐಸಾ! ಐಸಾ!” ಆಲಿಕಲ್ಲು ಮುಖಕ್ಕೆ ರಾಚುತ್ತಿತ್ತು. ಎಲ್ಲೋ ಒಂದು ಗುಂಡು ಸಿಡಿದು ಪೈನ್ ಮರವೊಂದು ಮುರಿದುಬಿತ್ತು. ಯಾರೂ ತೊಲೆ ಕೆಳಗಿಡಲಿಲ್ಲ. ಒಬ್ಬಳು ಜಾರಿದರೆ ಇನ್ನೊಬ್ಬಳು ಬೈಯುತ್ತ ಎತ್ತಿದಳು; ಬೈಗುಳಕ್ಕೆ ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ “ಐಸಾ” ಎನ್ನುತ್ತಿದ್ದವನು ಗಲಾನಿಸ್. ಐದು ವರ್ಷದಲ್ಲಿ ಅವನು ಇಷ್ಟು ಜೋರಾಗಿ ಕೂಗಿರಲಿಲ್ಲ.

ನೆತ್ತಿಯ ಮೇಲೆ ಫಿರಂಗಿ ಜೋಡಣೆಯಾಯಿತು. ಕೆಳಗೆ ಹೊಳೆಯ ಸೇತುವೆಯತ್ತ ಇಟಲಿಯ ಪಡೆಯ ಉದ್ದನೆಯ ಸಾಲು ಹರಿದು ಬರುತ್ತಿತ್ತು. ಸಿಪಾಯಿಗಳು ವೆರ್ಗಾಸನ ಮುಖ ನೋಡಿದರು. ವೆರ್ಗಾಸ್ ಗಲಾನಿಸನ ಮುಖ ನೋಡಿದ. ಒಂದು ಹೆಜ್ಜೆ ಹಿಂದೆ ಸರಿದ.

“ಅಪ್ಪಣೆ ಕೊಡಿ, ಸಾರ್.”

ಗಲಾನಿಸ್ ಮುಂದೆ ಬಂದ. ಕಣ್ಣಳತೆಯಲ್ಲಿ ದೂರ ನೋಡಿ ಗುರಿ ಹೇಳಿದ. ಮೊದಲ ಗುಂಡು ಹೊಳೆಗೆ ಬಿತ್ತು. ಎರಡನೆಯದು ಸೇತುವೆಯ ನಡು ಮುರಿಯಿತು. ಸಾಲು ತಡವರಿಸಿ, ಚದುರಿ, ಬಂದ ದಾರಿಯಲ್ಲೇ ಹಿಂದಕ್ಕೆ ಹೊರಳಿತು. “ಆಯೆರಾ!” ಎಂದು ಸಿಪಾಯಿಗಳು ಯುದ್ಧದ ಕೂಗು ಹಾಕಿದರು, ಹೆಂಗಸರ ದನಿ ಅದನ್ನೂ ಮೀರಿತು.

ಸಿಪಾಯಿಗಳು ಹೊತ್ತು ತಂದಿದ್ದ ದಂಡಿನ ಫೋನು ಗುರ್ರೆಂದಿತು. ಗುಡ್ಡದ ಮೇಲೆ ಯಾರ ಹುಕುಮು ನಡೆಯುತ್ತಿದೆ ಎಂದು ಮೇಲಿನವರು ಕೇಳುತ್ತಿದ್ದರು. ವೆರ್ಗಾಸ್ ತುಟಿ ಒದ್ದೆ ಮಾಡಿಕೊಂಡ.

“ಕರ್ನಲ್ ಗಲಾನಿಸ್ ಅವರದು,” ಎಂದ.

ಹೊಸ ಭುಜಪಟ್ಟಿ, ಜನರಲ್ ಎಂಬ ಪದವಿ, ರಾಜಧಾನಿಯಲ್ಲಿ ಗಲಾನಿಸನಿಗಾಗಿ ನುಡಿದ ಬ್ಯಾಂಡು, ಇವೆಲ್ಲ ಬಂದದ್ದು ಎಷ್ಟೋ ವರ್ಷಗಳ ಮೇಲೆ. ಅಂದು ಫೋನಿನೊಳಗಿಂದ ಬಂದದ್ದು ಒಂದೇ ಮಾತು.

“ಕರ್ನಲ್‌ಗೆ ಏನು ಬೇಕಂತೆ, ಕೇಳು.”

ವೆರ್ಗಾಸ್ ಕೇಳಿದ. ಗಲಾನಿಸ್ ಹಿಂದೆ ತಿರುಗಿ ನೋಡಿದ.

“ಬೂಟು,” ಎಂದ. “ಹೆಂಗಸರ ಅಳತೆಯವು.”

ಬಂಡೆಯ ಮರೆಯಲ್ಲಿ ಅಗೋರೊ ತನ್ನ ತಲೆವಸ್ತ್ರ ಹರಿದು, ಬರಿಗಾಲಿನ ಒಬ್ಬ ಹುಡುಗಿಯ ಬಿರಿದ ಹಿಮ್ಮಡಿಗೆ ಸುತ್ತುತ್ತಿದ್ದಳು. ಹುಡುಗಿ ಒಂದು ಕೈಯಲ್ಲಿ ಅವಳ ಹೆಗಲು ಹಿಡಿದು, ಇನ್ನೊಂದರಲ್ಲಿ ಒಣರೊಟ್ಟಿ ತಿನ್ನುತ್ತಿದ್ದಳು.