ಬಿಸಿಲಿಗೆ ಹಿಡಿದ ಮಖಮಲ್ಲು

ವಾರಗಿತ್ತಿ ನೆಜ್ಮಾಳ ಕೈಯಲ್ಲಿದ್ದ ಆ ಬಂಗಾರದ ಬಳೆ ಕಂಡಾಗಲೆಲ್ಲ ಝುಲೀಖಾಳ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು. ಹೆಬ್ಬೆರಳಗಲದ ಹಳೇ ಕಾಲದ ಬಳೆ, ಅತ್ತೆಯದ್ದು. ಹಿರಿಸೊಸೆಯಾಗಿ ಇಪ್ಪತ್ತು ವರ್ಷ ಆ ಮನೆಯ ಕುಸ್‌ಕುಸ್ ರವೆ ಬೇಯಿಸಿದವಳು ತಾನು, ಅತ್ತೆಯ ಮಂಡಿಗೆ ಎಣ್ಣೆ ತಿಕ್ಕಿದವಳು ತಾನು. ಬಳೆ ಹೋಗಿ ಕೂತದ್ದು ಮಾತ್ರ ನಿನ್ನೆ ಮೊನ್ನೆ ಬಂದವಳ ಕೈಯಲ್ಲಿ. ಅವಳಿಗೆ ಅದರ ಜಂಭವೂ ಇರಲಿಲ್ಲ, ಪಾತ್ರೆ ತೊಳೆಯುವಾಗಲೂ ತೆಗೆಯುತ್ತಿರಲಿಲ್ಲ. ಜಂಭಪಟ್ಟಿದ್ದರೆ ಬೈಯಲಾದರೂ ಒಂದು ನೆಪ ಸಿಗುತ್ತಿತ್ತು.

ಈಗ ಝುಲೀಖಾಳ ಮಗಳ ಮದುವೆ. ಮದುಮಗಳ ಜರಿಕಸೂತಿಯ ಉಡುಗೆಗೆ ಮಖಮಲ್ಲು ತರಲು ಅಲ್ಜೀರಿಯಾದ ಗಡಿ ದಾಟಿ ಟ್ಯುನೀಷಿಯಾಕ್ಕೆ ಹೊರಟಾಗ ಅತ್ತೆ ಹೇಳಿದ್ದೇನು? “ಬಣ್ಣ ನೆಜ್ಮಾ ಆರಿಸ್ಲಿ. ಅವಳ ಕಣ್ಣಿಗೆ ಚೆನ್ನಾಗಿ ಗೊತ್ತಾಗುತ್ತೆ.” ಹಾಗಾದರೆ ಹೆತ್ತವಳ ಕಣ್ಣು ಕುರುಡೇ?

ಝುಲೀಖಾಳ ಗಂಡ ಲಾರ್ಬಿ ಇಬ್ಬರನ್ನೂ ಅಂಗಡಿಯ ಮುಂದೆ ಇಳಿಸಿ, ಕಾರು ನಿಲ್ಲಿಸಲು ಜಾಗ ಹುಡುಕುತ್ತ ಹೋದ. ಗಾಜಿನ ಬಾಗಿಲಿನ ದೊಡ್ಡ ಅಂಗಡಿ ಅದು. ನೆಜ್ಮಾ ದಾಳಿಂಬೆ ಬಣ್ಣದ ಒಂದು ತುಂಡನ್ನು ಎತ್ತಿಕೊಂಡು ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದಳು.

“ಅಕ್ಕಾ, ಈ ದೀಪದಲ್ಲಿ ಏನೂ ಗೊತ್ತಾಗ್ತಿಲ್ಲ. ಕೆಂಪೋ, ಕಂದೋ?”

ಅವರೂರಿನ ಪೇಟೆಯಲ್ಲಿ ಮಖಮಲ್ಲನ್ನು ಯಾರೂ ದೀಪದಲ್ಲಿ ನೋಡಿ ಕೊಳ್ಳುವುದಿಲ್ಲ. ಹೆಗಲಿಗೆ ಹಾಕಿಕೊಂಡು ಬೀದಿಗಿಳಿದು ಬಿಸಿಲಿಗೆ ಹಿಡಿಯಬೇಕು. ‘ಹೋಗಿ ನೋಡ್ಕೊಂಡು ಬಾಮ್ಮಾ’ ಎಂದು ವ್ಯಾಪಾರಿಯೇ ಕಳಿಸಿ ತಾನು ಚಹಾ ಹೀರುತ್ತ ಕೂರುತ್ತಾನೆ. ಆದರೆ ಇಲ್ಲಿ, ಸ್ವಲ್ಪ ಹೊತ್ತಿಗೆ ಮುಂಚೆ, ಬಿಲ್ಲಾಗದ ಲಂಗ ಹಿಡಿದು ಹೊಸ್ತಿಲು ದಾಟಿದ ಹೆಂಗಸೊಬ್ಬಳನ್ನು ಕಂಡು ಬಾಗಿಲ ಯಂತ್ರ ಕಿರುಚಿದ್ದನ್ನೂ, ಕಾವಲುಗಾರ ಅವಳ ತೋಳು ಹಿಡಿದದ್ದನ್ನೂ ಝುಲೀಖಾ ನೋಡಿದ್ದಳು. ನೆಜ್ಮಾ ನೋಡಿರಲಿಲ್ಲ.

“ಹೊರಗೆ ಹೋಗಿ ಬಿಸಿಲಿಗೆ ಹಿಡಿದು ನೋಡಮ್ಮಾ,” ಎಂದಳು ಝುಲೀಖಾ. “ಬಣ್ಣ ಬಲ್ಲವಳು ನೀನೇ ಅಲ್ವಾ?”

ನಾಲ್ಕು ಜನರ ಮುಂದೆ ಅವಳ ಮುಖ ಸ್ವಲ್ಪ ಸಪ್ಪಗಾಗಲಿ, ಅಷ್ಟೇ ಆಸೆ. ಪೊಲೀಸರು ಬರುತ್ತಾರೆಂದು ಇವಳೇನು ಕನಸು ಕಂಡಿದ್ದಳೇ?

ಬಂದರು. ಠಾಣೆಯಲ್ಲಿ ಲಾರ್ಬಿಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಹೆಂಗಸರಿಬ್ಬರನ್ನೂ ಒಳಗೆ ಕರೆದರು. ದಪ್ಪ ಮೀಸೆಯ ಅಧಿಕಾರಿ ಸೂರ್ಯಕಾಂತಿ ಬೀಜ ಸುಲಿಯುತ್ತ ಮಾತಾಡಿದ.

“ಅಲ್ಜೀರಿಯಾದವರು ಅಂದ್ರೆ ನಮ್ಮ ಒಡಹುಟ್ಟಿದವರಿದ್ದ ಹಾಗೆ. ಅದಕ್ಕೇ ಹೇಳ್ತಿದೀನಿ ತಂಗಿ, ಕೇಸು ಬರೆದ್ರೆ ನಿನ್ನ ಪಾಸ್‌ಪೋರ್ಟೂ ಇಲ್ಲೇ, ನೀನೂ ಇಲ್ಲೇ. ಬರೀದಿದ್ರೆ ಎಲ್ಲರೂ ಮನೆಗೆ.”

“ಬರೀದೇ ಇರೋಕೆ ಏನು ಮಾಡ್ಬೇಕು ಸಾಹೇಬ್ರೇ?” ನೆಜ್ಮಾ ಕೇಳಿದಳು.

“ನಾನೇನಾದ್ರೂ ಕೇಳಿದ್ನಾ?” ಅವನ ಕಣ್ಣು ಅವಳ ಮಣಿಕಟ್ಟಿನ ಮೇಲೆಯೇ ಕೂತಿತ್ತು. “ಇಷ್ಟು ಚಿನ್ನ ಹಾಕ್ಕೊಂಡು ಬಟ್ಟೆ ಕದಿಯೋರನ್ನ ಇವತ್ತೇ ನೋಡಿದ್ದು.”

“ಕದ್ದಿಲ್ಲ. ಬಣ್ಣ ನೋಡೋಕೆ ಹೋದೆ. ನಮ್ಮೂರಲ್ಲಿ...”

“ನಿಮ್ಮೂರು ಗಡಿಯಾಚೆ ಉಳೀತು.” ಅವನು ಝುಲೀಖಾಳ ಕಡೆ ತಿರುಗಿದ. “ನೀನು ಹೇಳಮ್ಮಾ. ಇವಳು ಯಾಕೆ ಹೊರಗೆ ಹೋದ್ಲು?”

“ನಾನು ನೋಡ್ಲಿಲ್ಲ,” ಎಂದಳು ಝುಲೀಖಾ.

ನೆಜ್ಮಾ ತಟ್ಟನೆ ಅವಳತ್ತ ನೋಡಿದಳು. ‘ಅಕ್ಕನೇ ಕಳಿಸಿದ್ದು’ ಎಂದು ಈಗ ಬಾಯಿಬಿಡುತ್ತಾಳೆ ಎಂದುಕೊಂಡಳು ಝುಲೀಖಾ.

“ಅಕ್ಕನ ಮಗಳ ಮದುವೆ ಇದೆ ಸಾಹೇಬ್ರೇ. ಅವರಿಗೂ ಇದಕ್ಕೂ ಸಂಬಂಧ ಇಲ್ಲ, ಬಿಟ್ಬಿಡಿ,” ಎನ್ನುತ್ತ ನೆಜ್ಮಾ ಬಳೆಯನ್ನು ಕೈಯಿಂದ ಜಾರಿಸಿ ಮೇಜಿನ ಮೇಲಿಟ್ಟಳು.

ಬಳೆ ಕೊನೆಗೂ ಆ ಕೈ ಬಿಟ್ಟಿತ್ತು. ಝುಲೀಖಾಳ ಹೊಟ್ಟೆ ತಣ್ಣಗಾಗಬೇಕಿತ್ತು, ಆಗಲಿಲ್ಲ. ಮುಂದಿನದೆಲ್ಲ ಕಣ್ಣಿಗೆ ಕಟ್ಟಿತು. ಅತ್ತೆ ಗೋಳೋ ಎಂದು ಅಳುತ್ತ ನೆಜ್ಮಾಳನ್ನು ಅಪ್ಪಿಕೊಳ್ಳುತ್ತಾಳೆ. ವಾರಗಿತ್ತಿಯ ಮಗಳ ಮದುವೆ ಕೆಡಬಾರದೆಂದು ಬಳೆ ಬಿಚ್ಚಿಕೊಟ್ಟ ಪುಣ್ಯಾತ್ಗಿತ್ತಿಯನ್ನು ನೋಡಲು ನೆಂಟರೆಲ್ಲ ಮುತ್ತುತ್ತಾರೆ, ಮದುಮಗಳನ್ನು ಕೇಳುವವರಿಲ್ಲ. ಬಳೆ ಇದ್ದಾಗಿನ ಮೆರುಗಿಗಿಂತ ಇಲ್ಲದಾಗಿನ ಮೆರುಗೇ ಹೆಚ್ಚು! ಇದನ್ನು ಮಾತ್ರ ಅವಳು ಸಹಿಸಲಾರಳು.

“ನಾನೇ ಕಳಿಸಿದ್ದು!” ಎಂದು ಚೀರಿದಳು. “ಬಾಗಿಲು ಕಿರುಚುತ್ತೆ ಅಂತ ಗೊತ್ತಿದ್ದೇ ಕಳಿಸಿದೆ. ಹೊಟ್ಟೆಕಿಚ್ಚು ಸಾಹೇಬ್ರೇ, ಹೊಟ್ಟೆಕಿಚ್ಚು! ಅವಳ ಬಳೆ ಅವಳಿಗೆ ಕೊಡಿ, ನನ್ನ ಓಲೆ ತಗೊಳ್ಳಿ.”

ತವರಿನಿಂದ ತಂದ ಓಲೆ. ಅವಳ ಮೈಮೇಲಿದ್ದ ಚಿನ್ನ ಅದೊಂದೇ.

ಅಧಿಕಾರಿ ಹೊಟ್ಟೆ ಕುಣಿಸಿ ನಕ್ಕ. “ಹಾಗಾದ್ರೆ ಕಳ್ಳಿ ಒಬ್ಬಳಲ್ಲ, ಇಬ್ಬರು.” ಬಳೆಯನ್ನೂ ಓಲೆಯನ್ನೂ ಒಟ್ಟಿಗೇ ಬಾಚಿ ಮೇಜಿನ ಖಾನೆಗೆ ಹಾಕಿಕೊಂಡು, ಪಾಸ್‌ಪೋರ್ಟುಗಳನ್ನು ಈಚೆ ತಳ್ಳಿದ. “ಹೋಗಿ ಬನ್ನಿ. ಮದುವೆ ಚೆನ್ನಾಗಿ ಆಗಲಿ.”

ಕಾರು ಗಡಿಯತ್ತ ಓಡಿತು. ಲಾರ್ಬಿ ಆ ಮೀಸೆಯವನ ಏಳು ತಲೆಮಾರಿಗೂ ಶಾಪ ಹಾಕುತ್ತಿದ್ದ. ಹಿಂದಿನ ಸೀಟಿನಲ್ಲಿ ನೆಜ್ಮಾ ಝುಲೀಖಾಳ ಕೈ ಹಿಡಿದು ಮುತ್ತಿಟ್ಟಳು.

“ನನ್ನ ಉಳಿಸೋಕೆ ಎಂಥಾ ಸುಳ್ಳು ಹೇಳಿದ್ರಿ ಅಕ್ಕಾ! ಹೊಟ್ಟೆಕಿಚ್ಚಂತೆ! ನಿಮಗೆ!”

“ಸುಳ್ಳಲ್ಲ ಕಣೇ. ನನಗೆ ನಿಜವಾಗ್ಲೂ ಗೊತ್ತಿತ್ತು.”

“ಸಾಕು ಬಿಡಿ, ಇನ್ನೂ ಯಾಕೆ ನಾಟಕ?” ನೆಜ್ಮಾ ಕಣ್ಣೊರೆಸಿಕೊಂಡು ನಗುತ್ತ ಆಗಲೇ ಅತ್ತೆಗೆ ಫೋನು ಹಚ್ಚಿದ್ದಳು. ನಡೆದದ್ದನ್ನೆಲ್ಲ ತನಗೆ ತಿಳಿದಂತೆ ಹೇಳಿ, “ತವರಿನ ಓಲೆ ಬಿಚ್ಚಿಕೊಟ್ರು ಅತ್ತೆ, ನನಗೋಸ್ಕರ!” ಎಂದು ಫೋನನ್ನು ಝುಲೀಖಾಳ ಕಿವಿಗೆ ಒತ್ತಿದಳು.

“ಮಗಳೇ,” ಎಂದಳು ಅತ್ತೆ, ಅಳುತ್ತ. ಆ ಮಾತು ನೆಜ್ಮಾಳಿಗೆ ಸಿಕ್ಕಿತ್ತು, ಮನೆಯ ಬೆಕ್ಕಿಗೂ ಸಿಕ್ಕಿತ್ತು, ಝುಲೀಖಾಳಿಗೆ ಇದುವರೆಗೆ ಸಿಕ್ಕಿರಲಿಲ್ಲ. “ಮಗಳೇ, ನಿನ್ನ ಮನಸ್ಸು ಇಷ್ಟು ದೊಡ್ಡದು ಅಂತ ನನಗೆ ತಿಳೀಲೇ ಇಲ್ವಲ್ಲೇ. ನಿಜ ತಾನೇ, ನೆಜ್ಮಾ ಹೇಳಿದ್ದು?”

ಪಕ್ಕದಲ್ಲಿ ನೆಜ್ಮಾ ಖಾಲಿ ಮಣಿಕಟ್ಟು ಉಜ್ಜಿಕೊಳ್ಳುತ್ತ ಅವಳನ್ನೇ ನೋಡಿ ನಗುತ್ತಿದ್ದಳು. ಆ ನಗುವಿನಲ್ಲಿ ಒಂದಿಷ್ಟೂ ಕಲ್ಮಶವಿರಲಿಲ್ಲ. ಅದನ್ನು ಕಂಡು ಝುಲೀಖಾಳ ಹೊಟ್ಟೆ ಮತ್ತೆ ಉರಿಯಿತು, ಬಳೆಗಾಗಿ ಉರಿದದ್ದಕ್ಕಿಂತ ಹೆಚ್ಚಾಗಿ.

“ಹೂಂ ಅಮ್ಮಾ,” ಎಂದಳು. “ನಿಜ.”