ಬಿಳಿ ಕೌಜುಗ

ಸುಮಲತ ಸುಳ್ಳು ಹೇಳುವ ಪೈಕಿಯಲ್ಲ. ಹಕ್ಕಿಗಳ ವಿಷಯದಲ್ಲಂತೂ ಇನ್ನೂ ಕಟ್ಟುನಿಟ್ಟು. ಬೆಳಗ್ಗೆ ಡೇರಿಗೆ ಹಾಲು ಹಾಕಿ, ಹಸುಗಳನ್ನು ಗೋಮಾಳಕ್ಕೆ ಹೊಡೆದುಕೊಂಡು ಹೊರಟಳೆಂದರೆ, ರಾಗಿ ಹೊಲದ ಬದುವಿನಿಂದ ಮುಚ್ಚಿಹೋದ ಚಿನ್ನದ ಗಣಿಯ ಪುಡಿಮಣ್ಣು ಸುರಿದು ಎದ್ದ ಸೈನೈಡ್ ಗುಡ್ಡದ ಬುಡದ ತನಕ ಅವಳ ಕಣ್ಣು ಪೊದೆಗಳ ಮೇಲೆಯೇ. ಕಂಡ ಹಕ್ಕಿಯನ್ನು ಫೋನಿನಲ್ಲಿ ಹಿಡಿದು ಬಂಗಾರಪೇಟೆಯ ಹಕ್ಕಿ ನೋಡುವವರ ಗುಂಪಿಗೆ ಕಳಿಸುತ್ತಿದ್ದಳು. ಅನುಮಾನವಿದ್ದರೆ ಅನುಮಾನ ಎಂದೇ ಬರೆಯುತ್ತಿದ್ದಳು. ಅದಕ್ಕೇ ಅಲ್ಲಿ ಅವಳ ಮಾತಿಗೆ ಬೆಲೆ. ಮುಳಬಾಗಿಲು ಕಡೆಯಿಂದ ಮದುವೆಯಾಗಿ ಕ್ಯಾಸಂಬಳ್ಳಿ ಪಕ್ಕದ ಈ ಊರಿಗೆ ಬಂದವಳಿಗೆ ತನ್ನದು ಅಂತ ಇದ್ದದ್ದು ಆ ಬೆಲೆಯೊಂದೇ.

ಈ ಬೇಸಿಗೆಯಲ್ಲಿ ಗುಡ್ಡದ ಬುಡದಲ್ಲಿ ಬೆಳ್ಳನೆಯ ಕೌಜುಗವೊಂದು ಕಂಡಿತು. ಕೌಜುಗ ಅಂದರೆ ಗೊತ್ತಲ್ಲ, ಮಣ್ಣುಬಣ್ಣದ್ದು, ಕೋಳಿಯ ಹಾಗೆ ಓಡಾಡುತ್ತಾ ಬೆಳಗಾದರೆ ಊರೆಲ್ಲ ಕೇಳುವಂತೆ ಕಿರುಚುವ ಹಕ್ಕಿ. ಇದು ಮಾತ್ರ ತಲೆಯಿಂದ ಬಾಲದವರೆಗೆ ಬಿಳಿ. ಫೋಟೋ ಕಳಿಸಿದ್ದೇ ತಡ, ಗುಂಪಿನಲ್ಲಿ ಹಬ್ಬ. ಗೋಮಾಳಕ್ಕೆ ಬೇಲಿ ಹಾಕಿ ಸೋಲಾರ್ ಪ್ಯಾನೆಲ್ ನಿಲ್ಲಿಸಲು ಯಾವುದೋ ಕಂಪನಿಯವರು ಆಗಷ್ಟೇ ಕಲ್ಲುಕಂಬ ತಂದು ಇಳಿಸಿದ್ದರು. ಇಂಥ ಅಪರೂಪದ ಹಕ್ಕಿಯ ಜಾಗ ಉಳಿಸಿ ಎಂದು ಗುಂಪಿನವರು ಸರ್ಕಾರಕ್ಕೆ ಅರ್ಜಿ ಕೊಟ್ಟರು. ಬೆಂಗಳೂರಿನಿಂದ ತಿಳಿದವರು ಬಂದು ನೋಡುವ ತನಕ ಕಂಬ ನೆಡಬೇಡಿ ಎಂದು ಮೇಲಿನಿಂದ ಹೇಳಿಕೆ ಬಂತು. ಊರಿನ ಹಸು, ಮೇಕೆಗಳಿಗೆ ಮೇಯಲು ಬೇರೆ ಜಾಗವಿಲ್ಲ. ಮುಖ ತಿರುಗಿಸಿಕೊಂಡು ಹೋಗುತ್ತಿದ್ದವರೂ ಸುಮಲತಳನ್ನು ಕರೆದು ಕಾಫಿ ಕೊಟ್ಟರು.

ತಿಳಿದವರು ಬರುವುದಕ್ಕೆ ಹಿಂದಿನ ದಿನ ಆ ಬಿಳಿ ಕೌಜುಗ ಗುಡ್ಡದಿಂದ ಜಾರಿದ ಧೂಳಿನ ತಗ್ಗಿನಲ್ಲಿ ಹೊರಳಾಡಿ ಎದ್ದು ಬಂತು. ಅವಳ ಎದುರಿಗೇ ನಿಂತು ಮೈ ಕೊಡವಿತು. ಬಿಳಿಯೆಲ್ಲ ಹಾರಿಹೋಯಿತು. ಉಳಿದದ್ದು ದಿನಾ ಕಾಣುವ ಮಣ್ಣುಬಣ್ಣದ ಕೌಜುಗ. ಸುಮಲತ ಗುಂಪಿಗೆ ಕಳಿಸಿದ್ದು ಇದನ್ನೇ. ನಾಚಿಕೆಯಿಂದ ಅಲ್ಲೇ ಕುಕ್ಕರಿಸಿದಳು.

ಮನೆಗೆ ಬಂದವಳೇ ಅತ್ತೆ ಮುನಿನಾರಾಯಣಮ್ಮನ ಮುಂದೆ ಎಲ್ಲ ಒದರಿದಳು. ರಾಗಿ ಕೇರುತ್ತಿದ್ದ ಮುದುಕಿ ಮೊರ ನಿಲ್ಲಿಸಲಿಲ್ಲ.

"ಅದು ಧೂಳು ಅಂತ ನಂಗೆ ಮೊದಲ್ನೇ ದಿನಾನೇ ಗೊತ್ತು ಕಣೇ. ನಿಮ್ಮಾವ ಗಣಿಯಿಂದ ದಿನಾ ಅದೇ ಬಣ್ಣ ಆಗಿ ಬತ್ತಿದ್ರು. ಬಚ್ಚಲಲ್ಲಿ ಕೂರ್ಸಿ ಉಜ್ಜಿದೋಳು ನಾನು."

ಮಾವನ ಎದೆಯಲ್ಲಿ ಕೂತು ಕೆಮ್ಮಿಸಿ ಕೆಮ್ಮಿಸಿ ಕರೆದೊಯ್ದ ಧೂಳೆಂದರೆ ಮುದುಕಿಗೆ ಆಗದು. ಗಾಳಿ ಎದ್ದರೆ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುವಳು, ಗಾಳಿ ನಿಂತ ಮೇಲೆ ಹೊಸ್ತಿಲು ತೊಳೆಯುವಳು. ಸೊಸೆ ಕಾಲು ತೊಳೆಯದೆ ಒಳಗೆ ಬರುವ ಹಾಗಿರಲಿಲ್ಲ.

"ಮತ್ಯಾಕತ್ತೆ ಏಳ್ಲಿಲ್ಲ?"

"ನೀನು ಪೋಟೋ ಕಳ್ಸಿದೆ, ಕಂಬ ನೆಡೋದು ನಿಂತೋಯ್ತು. ಇನ್ನೇನು ಏಳೋದು? ಊರಲ್ಲಿ ವಯಸ್ಸಾದೋರಿಗೆಲ್ಲ ಗೊತ್ತು. ನಾಳೆ ಬಾಯಿ ಮುಚ್ಕೊಂಡಿರು."

ಅಂದರೆ ಇಷ್ಟು ದಿನ ತನ್ನ ದಡ್ಡತನದ ಮೇಲೆ ಊರೇ ಮೇಯುತ್ತಿತ್ತು! ಸುಮಲತಳಿಗೆ ಸಿಟ್ಟು ಬಂತು, ಆಮೇಲೆ ಅಳು ಬಂತು. ಕೊಟ್ಟಿಗೆಯಲ್ಲಿ ಹಸುಗಳು ಮೇವಿಗೆ ಕೂಗುತ್ತಿದ್ದವು.

ಮರುದಿನ ಬೆಂಗಳೂರಿನಿಂದ ಬಂದವನು ಅಂಬರೀಶ ಎಂಬ ಹುಡುಗ, ಹಕ್ಕಿಗಳನ್ನೇ ಓದಿಕೊಂಡವನು, ಅವಳ ಗುಂಪಿನಲ್ಲೂ ಇದ್ದವನು, ಮೃದು ಮಾತಿನವನು. ಬಿರುಗಾಳಿಗೆ ಒಂದು ಕೌಜುಗವೂ ಹೊರಗೆ ಬರಲಿಲ್ಲ. ಕೊನೆಗೆ ದುರ್ಬೀನು ಇಳಿಸಿ ಕೇಳಿದ:

"ಅಕ್ಕಾ, ಇಷ್ಟು ವರ್ಷದಲ್ಲಿ ನೀವು ತಪ್ಪು ಕಳಿಸಿದ್ದೇ ನಾನು ನೋಡಿಲ್ಲ. ಇದು ಧೂಳಲ್ಲ ತಾನೆ? ನೀವು ಒಂದು ಮಾತು ಹೇಳಿದ್ರೆ ಸಾಕು."

ಸುಮಲತ ಹಿಂದಕ್ಕೆ ತಿರುಗಿದಳು. ಪಕ್ಕದ ಮನೆ ಪಾಪಕ್ಕ ಮೇಕೆಯ ಹಗ್ಗ ಹಿಡಿದು ಇವಳನ್ನೇ ನೋಡುತ್ತಿದ್ದಳು. ಅವಳ ಹಿಂದೆ ಊರಿಗೆ ಊರೇ ನಿಂತಿತ್ತು.

"ಧೂಳಲ್ಲ ಸಾರ್."

ಅವನು ಕೂಡಲೇ ನಂಬಿದ. ಅಷ್ಟು ಸುಲಭವಾಗಿ ನಂಬಿದ್ದೇ ಅವಳಿಗೆ ಚುಚ್ಚಿತು.

"ಹಾಗಾದ್ರೆ ಇದರ ಜವಾಬ್ದಾರಿ ನಿಮ್ಮದೇ ಅಕ್ಕಾ. ವಾರಕ್ಕೊಂದು ಫೋಟೋ ಕಳಿಸ್ತಾ ಇರಿ. ಫೋಟೋ ಬರ್ತಾ ಇದ್ರೆ ಬೇಲಿ ಬರಲ್ಲ."

ಅಲ್ಲಿಂದ ಹಕ್ಕಿ ನೋಡುವ ಸುಖವೇ ಹೋಯಿತು. ನೆಲಗುಬ್ಬಿ ಹಾಡುತ್ತಾ ಮೇಲೇರಿದರೂ ತಲೆ ಎತ್ತಲಿಲ್ಲ. ವಾರವಾದರೆ ಗೂಟಕ್ಕೆ ಕಟ್ಟಿದವಳ ಹಾಗೆ ಆ ತಗ್ಗಿನ ಮುಂದೆ ಕಾಯುವಳು. ಕೌಜುಗ ಮೈ ಕೊಡವುವ ಮೊದಲೇ ಫೋನಿನಲ್ಲಿ ಹಿಡಿಯಬೇಕು.

ಆಮೇಲೆ ಮಳೆ ಬಂತು. ತಗ್ಗು ತೊಳೆದುಹೋಯಿತು, ಕೌಜುಗಗಳೆಲ್ಲ ಮಣ್ಣುಬಣ್ಣಕ್ಕೆ ತಿರುಗಿದವು. "ಫೋಟೋ ಎಲ್ಲಿ ಅಕ್ಕಾ?" ಎಂದು ಅಂಬರೀಶ ಕೇಳಿದ. ಕಂಪನಿಯವರು ತಂತಿಯ ಸುರುಳಿ ತಂದು ಇಳಿಸಿದರು. ಊರೆಲ್ಲ ಕಂಗಾಲು. ಸುಮಲತಳಿಗೆ ಮಾತ್ರ, ಹೇಳಿದರೆ ಪಾಪ, ಒಳಗೊಳಗೇ ಹಾಯೆನಿಸಿತು. ಸದ್ಯ, ಮುಗಿಯಿತು. ಗುಡ್ಡದ ಬುಡದಲ್ಲಿ ಕೂತು, "ಸಾರ್, ತಪ್ಪಾಯ್ತು, ಅದು ಧೂಳು" ಎಂದು ಫೋನಿನಲ್ಲಿ ಬರೆದಳು.

ಕಳಿಸುವ ಮುನ್ನ ತಲೆ ಎತ್ತಿದರೆ ಗುಡ್ಡದ ಕಡೆಯಿಂದ ಅತ್ತೆ ಬರುತ್ತಿದ್ದಳು. ತಲೆಯ ಮೇಲೆ ಬಾಂಡ್ಲಿ, ಬಾಂಡ್ಲಿ ತುಂಬ ಗುಡ್ಡದ ಒಳಮೈಯಿಂದ ಕೆರೆದು ತಂದ ಒಣ ಧೂಳು. ಎರಡು ಕೈಯಲ್ಲೂ ಬಾಂಡ್ಲಿ ಹಿಡಿದಿದ್ದರಿಂದ ಬಾಯಿಗೆ ಸೆರಗಿಲ್ಲ. ಹುಬ್ಬು, ತುಟಿ, ಕೂದಲು ಎಲ್ಲ ಬಿಳಿ. ಮಳೆ ತಾಕದ ಬಂಡೆಯ ಕೆಳಗೆ ಧೂಳು ಸುರಿದು ಕೈಯಿಂದ ಸಮ ಮಾಡಿದಳು.

"ಇಲ್ಲಿ ನೀರು ಬೀಳಲ್ಲ. ಬಂದು ಒರಳಾಡ್ತವೆ ನೋಡು," ಎಂದಳು. ಕೆಮ್ಮು ಒತ್ತರಿಸಿ ಬಂತು. ಕೆಮ್ಮಿ, ಉಗಿದು, ಮತ್ತೆ ಬಾಂಡ್ಲಿಗೆ ಕೈ ಹಾಕಿದಳು. "ಸಾಲ್ದು. ಇನ್ನೊಂದು ಬಾಂಡ್ಲಿ ತತ್ತೀನಿ."

ಸುಮಲತ ಬರೆದದ್ದನ್ನು ಅಳಿಸಿದಳು. ಎದ್ದು ಹೋಗಿ ಅತ್ತೆಯ ಸೆರಗನ್ನು ಅವಳ ಮೂಗುಬಾಯಿಗೆ ಬಿಗಿಯಾಗಿ ಸುತ್ತಿ ಗಂಟು ಹಾಕಿದಳು. ಆಮೇಲೆ ಬಾಂಡ್ಲಿಯನ್ನು ತನ್ನ ತಲೆಗೆ ಇಟ್ಟುಕೊಂಡು ಗುಡ್ಡದ ಕಡೆ ನಡೆದಳು.