ಬಿಸಿನೀರಿನ ಚೀಲ ಕಂಡ ಮೂರು ಸೊಂಟಗಳು

ನಾನು ಒಂದು ರಬ್ಬರಿನ ಬಿಸಿನೀರಿನ ಚೀಲ. ಕಾರ್ಖಾನೆಯಲ್ಲಿ ನನ್ನನ್ನು ಅಚ್ಚಿಗೆ ಹಾಕಿ ಬೇಯಿಸಿ, ಬಾಯಿಗೊಂದು ಬಿರಡೆ ತಿರುಗಿಸಿ ಕಳಿಸಿದರು. ಬೆಂದು ಹುಟ್ಟಿದವನಿಗೆ ಬಿಸಿಯ ಭಯವೇನು? ಗುಳೇದಗುಡ್ಡದ ಔಷಧಿ ಅಂಗಡಿಯಲ್ಲಿ ಕೆಲಕಾಲ ಧೂಳು ತಿಂದೆ. ಒಂದು ದಿನ ರವಿಕೆಯ ಖಣ ನೇಯುವ ದಾನಪ್ಪ ಸೊಂಟ ಹಿಡಿದುಕೊಂಡೇ ಬಂದು ನನ್ನನ್ನು ಕೊಂಡುಹೋದ.

ಜನ ನನ್ನ ಮೇಲೆ ಮಲಗುತ್ತಾರೆ. ಹಾಗಾಗಿ ಮುಖಗಳಿಗಿಂತ ಸೊಂಟಗಳೇ ನನಗೆ ಹೆಚ್ಚು ಪರಿಚಯ. ಎಲ್ಲ ಸೊಂಟನೋವೂ ಒಂದೇ ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ದಾನಪ್ಪನದು ಸರಳ ನೋವು. ದಿನವಿಡೀ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಬಗ್ಗಿ ಕೂತು ಅವನ ಸ್ನಾಯು ಬಿಗಿಯುತ್ತಿತ್ತು. ನೋವು ಸೊಂಟ ಬಿಟ್ಟು ಎಲ್ಲೂ ಹೋಗುತ್ತಿರಲಿಲ್ಲ. ಸ್ವಲ್ಪ ಹೊತ್ತು ನಾನು ಕೆಳಗಿದ್ದರೆ ಅಲ್ಲಿಯೇ ಗೊರಕೆ ಹೊಡೆಯುತ್ತಿದ್ದ.

ಸೊಸೆ ನೀಲವ್ವನದು ಬೇರೆ ಜಾತಿಯ ನೋವು. ತುಂಬಿದ ಕೊಡ ಎತ್ತುವಾಗ ಹಿಡಿದ ನೋವು ಪಿರ್ರೆಯಿಂದ ಇಳಿದು ಒಂದೇ ಕಾಲಿನಲ್ಲಿ ಹಿಮ್ಮಡಿಯವರೆಗೆ ಓಡುತ್ತಿತ್ತು. "ಕರೆಂಟ್ ಹೊಡದಂಗ ಆಕ್ಕೈತ್ರಿ," ಎನ್ನುತ್ತಿದ್ದಳು. ಕೆಮ್ಮಿದರೂ ಚಳಕು. ಅದು ನರ ಒತ್ತಿದ ನೋವು. ನನ್ನ ಬಿಸಿ ಅದಕ್ಕೆ ಬರೀ ಸಮಾಧಾನ. ಡಾಕ್ಟರು ಹೇಳಿದ ವ್ಯಾಯಾಮ ಮಾಡಿ ನಿಧಾನವಾಗಿ ಚೇತರಿಸಿಕೊಂಡಳು.

ಇನ್ನು ದಾನಪ್ಪನ ಹೆಂಡತಿ ಗೌರವ್ವ. ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಪಾದ ಮುಟ್ಟಿಸಿದರೆ ಸೊಂಟದ ಉಳುಕು ಬಿಡುತ್ತದೆಂದು ನಂಬಿಕೆ. ಓಣಿಯವರೆಲ್ಲ ಅವಳ ಕಟ್ಟೆಯ ಮೇಲೆ ಬಂದು ಬೋರಲು ಮಲಗುತ್ತಿದ್ದರು. ನನಗೆ ಆ ಚಿಕಿತ್ಸೆ ಒಪ್ಪಿಗೆಯಿರಲಿಲ್ಲ. ಬೇಕಾದರೆ ವೃತ್ತಿಮತ್ಸರ ಅನ್ನಿ. ಆದರೆ ಅವಳ ಮಾತಿಗೇ ಅರ್ಧ ನೋವು ಇಳಿಯುತ್ತಿದ್ದುದು ನಿಜ.

ದೀಪದ ಬುಡದಲ್ಲಿ ಕತ್ತಲೆ. ಒಮ್ಮೆ ಅವಳದೇ ಸೊಂಟ ಹಿಡಿಯಿತು. "ಮಂದಿ ಸೊಂಟ ಬಿಡಿಸಾಕಿ ತಾನ ಮಕ್ಕೊಂಡ್ಳು ಅಂತ ನಗತಾರ," ಎಂದು ಸೊಸೆಯ ಬಾಯಿಗೂ ಬೀಗ ಹಾಕಿದಳು. ನೋವು ಎರಡೂ ಕಾಲಿಗೆ ಇಳಿದದ್ದನ್ನು ಸೊಸೆಗೂ ಹೇಳಲಿಲ್ಲ. ಒಂದು ಮಧ್ಯಾಹ್ನ ಕುದಿಯುವ ನೀರು ತುಂಬಿದ ನನ್ನನ್ನು ಬಟ್ಟೆ ಸುತ್ತದೆ ಪಿರ್ರೆಯ ಕೆಳಗಿಟ್ಟುಕೊಂಡು ಮಲಗಿದಳು. ಆ ಬಿಸಿಗೆ ದಾನಪ್ಪನಾದರೆ ಕೂಗಿ ಮನೆ ಎರಡು ಮಾಡುತ್ತಿದ್ದ. ಇವಳು ಕದಲಲಿಲ್ಲ. ನನಗೆ ಹೆದರಿಕೆಯಾಯಿತು.

ಅತ್ತೆ ಸೀರೆ ಬದಲಿಸುವಾಗ ನೀಲವ್ವ ಸುಟ್ಟ ಬೊಬ್ಬೆ ನೋಡಿದಳು.

"ಅತ್ತಿ, ಇಷ್ಟು ಸುಟ್ಟೈತಿ. ಉರಿ ಆಗವಲ್ದೇನ್ರಿ?"

"ಏನೂ ಗೊತ್ತಾಗವಲ್ದು. ಕುಂದ್ರು ಜಾಗನ ಜೋಮ ಹಿಡದೈತಿ. ಮುಂಜಾನಿಂದ ಒಂದಕ್ಕ ಕುಂತ್ರೂ ಸರಿ ಹೋಗವಲ್ದು."

ನೀಲವ್ವ ಅತ್ತೆಯ ರಟ್ಟೆ ಹಿಡಿದಳು. "ಹಿಂಗಾದ್ರ ಒಂದು ತಾಸೂ ತಡಾ ಮಾಡಬ್ಯಾಡ ಅಂತ ನನಗ ಡಾಕ್ಟ್ರು ಹೇಳ್ಯಾರ್ರಿ. ಕಾಲಽ ಹೋಗ್ತಾವಂತ. ಏಳ್ರಿ."

ಗೌರವ್ವ ಎದ್ದಳು. ಓಣಿಯೆಲ್ಲ ಕೈಮುಗಿಯುತ್ತಿದ್ದ ಪಾದ ನೆಲ ಕೆರೆಯುತ್ತಿತ್ತು. ನೀಲವ್ವ ಮಾವನನ್ನು ಮಗ್ಗದಿಂದ ಎಬ್ಬಿಸಿ, ಗಾಡಿ ಮಾಡಿಸಿ, ದೊಡ್ಡ ಆಸ್ಪತ್ರೆಗೆ ಕರೆದೊಯ್ದಳು. ಜಾರಿದ ಡಿಸ್ಕು ಬೆನ್ನುಹುರಿಯ ಕೆಳಗಿನ ನರಗಳ ಗೊಂಚಲನ್ನೇ ಒತ್ತಿತ್ತಂತೆ. ಅಂದೇ ಆಪರೇಷನ್ ಆಯಿತು. ನಡೆಯಬಹುದು, ಸ್ಪರ್ಶ ಮರಳುತ್ತದೋ ಇಲ್ಲವೋ ಹೇಳಲಾಗದು ಎಂದರಂತೆ.

ಗೌರವ್ವ ಕೋಲು ಹಿಡಿದು ಮನೆಗೆ ಬಂದಳು. ಸೊಂಟ ಹಿಡಿದುಕೊಂಡು ಬಂದವರ ಮೇಲೆ ಮತ್ತೆ ಪಾದ ಇಡಲಿಲ್ಲ. "ಕುಂದ್ರು ಜಾಗ ಜೋಮ ಐತೇನು? ಹಂಗಿದ್ರ ಮೊದಲ ದವಾಖಾನಿಗೆ ನಡಿ," ಎನ್ನುತ್ತಿದ್ದಳು. ಉಳಿದ ಕಡೆ ಜೋಮು ಬಿಡುತ್ತ ಬಂದರೂ ಬಲಪಾದ ಕಟ್ಟಿಗೆಯಂತೆಯೇ ಇತ್ತು. ನೀಲವ್ವ ದಿನವೂ ಅದಕ್ಕೆ ಬಟ್ಟೆಯ ಅಂಚು ಸವರಿ, ಗೊತ್ತಾಯಿತೇ ಎಂದು ಕೇಳುವಳು. ಗೌರವ್ವ ಇಲ್ಲವೆಂದು ತಲೆ ಅಲ್ಲಾಡಿಸುವಳು.

ಅಷ್ಟರಲ್ಲಿ ನನಗೂ ವಯಸ್ಸಾಗಿತ್ತು. ರಬ್ಬರು ಬಿರಿದು ಅಂಚು ಸಡಿಲವಾಗಿತ್ತು. ಒಂದು ಬೆಳಿಗ್ಗೆ ಗಂಡನಿಗೆಂದು ಗೌರವ್ವ ನೀರು ತುಂಬುತ್ತಿದ್ದಾಗ ನನ್ನ ಅಂಚು ಬಿಟ್ಟಿತು. ಬಿಸಿನೀರು ಅವಳ ಬಲಪಾದದ ಮೇಲೆ ತೊಟ್ಟಿಕ್ಕಿತು. ಅವಳು ಥಟ್ಟನೆ ಕಾಲೆಳೆದುಕೊಂಡಳು. ಆಮೇಲೆ ಆ ಕಾಲನ್ನೇ ನೋಡುತ್ತ ನಿಂತಳು.

"ನೀಲಾ, ಬಾ ಇಲ್ಲೆ," ಎಂದಳು. "ಕಾಲು ಚುರ್ ಅಂತು."

ಅತ್ತೆ ಸೊಸೆ ಇಬ್ಬರೂ ಅತ್ತರು.

ಈಗ ನಾನು ಅಡುಗೆಮನೆಯ ಮೊಳೆಗೆ ಖಾಲಿಯಾಗಿ ನೇತಾಡುತ್ತೇನೆ. ಆಯುಷ್ಯವಿಡೀ ನೋವು ಇಳಿಸಿದೆ, ಅದನ್ನು ಯಾರೂ ನೆನೆಯುವುದಿಲ್ಲ. ಒಂದೇ ಒಂದು ಸಲ ನೋಯಿಸಿದೆನಲ್ಲ, ಅದಕ್ಕಾಗಿ ಗೌರವ್ವ ನನ್ನನ್ನು ಎಸೆಯಲು ಬಿಡುವುದಿಲ್ಲ.